ರೆಡ್ ಸೀಡರ್ ಅಷ್ಟು ಸಣ್ಣದೂ ಅಲ್ಲ

ಅಮೆರಿಕದ ಮಿಷಿಗನ್ ರಾಜ್ಯದ ನದಿಗಳ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಚೆನ್ನಾಗಿದೆ. ಆದರೆ ರೆಡ್ ಸೀಡರ್ ನದಿಯನ್ನು ‘ವಿಶ್ವವಿದ್ಯಾಲಯದ ಹೊಳೆ’ ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದು ಬೇಜಾರಾಯಿತು. ನಾನು ಅದರ ದಡದಲ್ಲೇ ಇರುವ ಈಸ್ಟ್ ಲ್ಯಾನ್ಸಿಂಗ್ ಊರಿನ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಓದಿದವನು.

ಇದು ಹುಟ್ಟುವುದು ಲಿವಿಂಗ್‌ಸ್ಟನ್ ಕೌಂಟಿಯ ಸೀಡರ್ ಕೆರೆಯಲ್ಲಿ. ಫೌಲರ್‌ವಿಲ್, ವಿಲಿಯಮ್‌ಸ್ಟನ್, ಒಕೆಮಸ್ ದಾಟಿ, ಸುಮಾರು 80 ಕಿ.ಮೀ. ಹರಿದು ಲ್ಯಾನ್ಸಿಂಗ್‌ನಲ್ಲಿ ಗ್ರ್ಯಾಂಡ್ ನದಿ ಸೇರುತ್ತದೆ. ಅಲ್ಲಿಂದ ನೀರು ಮಿಷಿಗನ್ ಸರೋವರಕ್ಕೆ.

ಕ್ಯಾಂಪಸ್‌ನಲ್ಲಿ ಗ್ರಂಥಾಲಯದ ಹತ್ತಿರ ಒಂದು ತಗ್ಗಾದ ಕಟ್ಟೆ ಇದೆ. ನೀರು ಅದರ ಮೇಲಿಂದ ಸುಮ್ನೆ ಜಾರಿ ಬೀಳುತ್ತದೆ. ಕೆಳಗೆ ಬಾತುಕೋಳಿಗಳ ಹಿಂಡು. ನಮ್ಮ ಬುತ್ತಿಯ ಚಪಾತಿ ಚೂರಿಗೂ ಓಡಿ ಬರುತ್ತಿದ್ದವು (ಹಾಕಬಾರದು ಅಂತ ಆಮೇಲೆ ಗೊತ್ತಾಯಿತು). ಬೇಸಿಗೆಯಲ್ಲಿ ಜನ ಕಯಾಕ್ (ಹುಟ್ಟು ಹಾಕುವ ಸಣ್ಣ ದೋಣಿ) ನಡೆಸುತ್ತಾರೆ. ನೀರು ಮಾತ್ರ ಯಾವಾಗಲೂ ಟೀ ಬಣ್ಣ.

ಹಾಗಂತ ಈ ನದಿ ಸಾಧು ಅಂದುಕೊಳ್ಳಬೇಡಿ. ನೆಲ ಚಪ್ಪಟೆ, ಇಳಿಜಾರು ಕಡಿಮೆ. ಹಿಮ ಕರಗುವಾಗ ಮಳೆಯೂ ಬಂದರೆ ನೀರು ಬೇಗ ಇಳಿಯುವುದಿಲ್ಲ, ಅಕ್ಕಪಕ್ಕ ಹರಡುತ್ತದೆ. 2018ರ ಫೆಬ್ರವರಿಯ ಪ್ರವಾಹದಲ್ಲಿ ಆಗಿದ್ದು ಅದೇ ಅಲ್ವಾ? ಮುಂದಿನ ಕಂತಿನಲ್ಲಿ ಅದನ್ನೂ ಬರೆಯಿರಿ ಸಾರ್.