ಅಂಡರ್‌ಟೇಕರ್‌ಗೆ ಬರ್ತ್ ಕೇಳಿದವರು

ಹಂಪಿ ಎಕ್ಸ್‌ಪ್ರೆಸ್ ಬಳ್ಳಾರಿ ಬಿಟ್ಟು ಹತ್ತು ನಿಮಿಷ ಆಗಿರಲಿಲ್ಲ, ಅಜ್ಜನೊಬ್ಬ ಬಂದು ನನ್ನ ತೋಳು ಹಿಡಿದ. "ಸಾಹೇಬ್ರ, ಆರ್‌ಎಸಿ ಐತ್ರಿ. ಮಣಕಾಲು ಹಿಡಕೊಂಡಾವ. ಕೆಳಗಿಂದೊಂದು ಬರ್ತ್ ಮಾಡಿಕೊಡ್ರಿ, ಪುಣ್ಯ ಬರ್ತೈತಿ."

ನಾನು ಟಿಟಿಇ ಅಲ್ಲ. ನಾನು ಅಂಡರ್‌ಟೇಕರ್, ಅಂದರೆ ಟೀವಿಯ ಡಬ್ಲ್ಯುಡಬ್ಲ್ಯುಇ ಕುಸ್ತಿಯಲ್ಲಿ ಸಾವಿನ ದೂತನಾಗಿ ಬರುತ್ತಿದ್ದ ಪೈಲ್ವಾನನ ವೇಷದಲ್ಲಿದ್ದೆ. ಮೊಣಕಾಲಿಗಿಂತ ಕೆಳಗಿಳಿಯುವ ಕಪ್ಪು ಕೋಟು, ಅಗಲ ಅಂಚಿನ ಕಪ್ಪು ಟೋಪಿ. ಚೀಲಕ್ಕೆ ತುರುಕಿದರೆ ಮುದುಡುತ್ತದೆ ಅಂತ ಮೈಮೇಲೇ ಹಾಕಿಕೊಂಡು ರೈಲು ಹತ್ತಿದ್ದೆ. ಆದರೆ ಸ್ಲೀಪರ್ ಬೋಗಿಯಲ್ಲಿ ಕಪ್ಪು ಕೋಟಿಗೆ ಇರುವುದು ಒಂದೇ ಅರ್ಥ. ಗುಂತಕಲ್ ಬರುವಷ್ಟರಲ್ಲಿ ನನ್ನ ಹಿಂದೆ ಏಳು ಜನ ವೇಟಿಂಗ್ ಲಿಸ್ಟಿನವರು ಸಾಲಾಗಿದ್ದರು. ಒಬ್ಬಾಕೆ ತೆಲುಗಿನಲ್ಲಿ ತನ್ನ ಸಂಸಾರದ ಕಷ್ಟವನ್ನೆಲ್ಲ ಹೇಳಿ ಮುಗಿಸಿದ್ದಳು. "ನಾನಲ್ಲವ್ವಾ" ಅಂದಷ್ಟೂ ಅವರಿಗೆ ನಾನು ಪಕ್ಕಾ ಟಿಟಿಇ ಅನ್ನಿಸತೊಡಗಿತು. ಟಿಟಿಇ ಆದವನು ಮೊದಲು ಅನ್ನುವ ಮಾತೇ ಅದಲ್ಲವೇ?

ಅಷ್ಟರಲ್ಲಿ ನಿಜವಾದವರು ಬಂದರು. ನನ್ನ ಕೋಟು ನೋಡಿದರು, ತಮ್ಮದು ನೋಡಿಕೊಂಡರು. ನನ್ನದೇ ಉದ್ದ.

"ಯಾವ ಡಿವಿಜನ್ನು ಸಾರ್?" ಅಂದರು.

"ಡೆತ್ ವ್ಯಾಲಿ" ಅಂತ ಬಾಯಿಗೆ ಬಂದುಬಿಟ್ಟಿತು.

ತಪ್ಪು ನನ್ನದಲ್ಲ, ಮೂವತ್ತು ವರ್ಷದ ಅಭ್ಯಾಸ. ಅಂಡರ್‌ಟೇಕರ್ ರಿಂಗಿಗೆ ಬರುವಾಗ ಊರು ಡೆತ್ ವ್ಯಾಲಿ ಅಂತಲೇ ಸಾರುತ್ತಿದ್ದರು, ಅಮೆರಿಕದ ಒಂದು ಮರುಭೂಮಿ ಕಣಿವೆ ಅದು. ಮನುಷ್ಯ ಅಸಲಿಗೆ ಟೆಕ್ಸಾಸ್‌ನ ಹ್ಯೂಸ್ಟನ್‌ನವನು, ಹೆಸರು ಮಾರ್ಕ್ ಕ್ಯಾಲವೇ. ಡೆತ್ ವ್ಯಾಲಿಯಲ್ಲಿ 1913ರಲ್ಲಿ 56.7 ಡಿಗ್ರಿ ಬಿಸಿಲು ದಾಖಲಾಗಿದೆ ಅಂತ ಓದಿದ ದಿನದಿಂದ ಅವನು ನನಗೆ ನಮ್ಮ ಊರ ಕಡೆಯ ಹುಡುಗನೇ ಆಗಿಬಿಟ್ಟ.

ಈ ಕುಸ್ತಿಯ ಹುಚ್ಚು ಹತ್ತಿದ್ದು ಪೈಲ್ವಾನರ ಚಿತ್ರ, ಎತ್ತರ, ತೂಕ ಇದ್ದ ಟ್ರಂಪ್ ಕಾರ್ಡಿನ ಆಟದಿಂದ. ಎತ್ತರ ಕರೆದರೆ ಜೈಂಟ್ ಗೊನ್ಜಾಲೆಜ್, ತೂಕ ಕರೆದರೆ ಯೊಕೊಜುನಾ. ಆ ಯೊಕೊಜುನಾ ಜಪಾನಿನವನಲ್ಲ, ಸಮೋವಾ ಮೂಲದ ಅಮೆರಿಕದವನು ಅಂತ ತಿಳಿದಾಗ ನನಗೆ ಮದುವೆಯಾಗಿ ಎರಡು ವರ್ಷ ಆಗಿತ್ತು. ಆವತ್ತು ರಾತ್ರಿ ಊಟ ಸೇರಲಿಲ್ಲ. ಹೆಂಡತಿಗೆ ಕಾರಣ ಹೇಳುವ ಹಾಗೂ ಇರಲಿಲ್ಲ. 2014ರ ಏಪ್ರಿಲ್‌ನಲ್ಲಿ ರೆಸಲ್‌ಮೇನಿಯಾ ಅನ್ನುವ ವರ್ಷದ ದೊಡ್ಡ ಕುಸ್ತಿಯಲ್ಲಿ 21 ಸಲ ಗೆದ್ದು ಒಮ್ಮೆಯೂ ಸೋಲದ ಅಂಡರ್‌ಟೇಕರ್‌ನನ್ನು ಬ್ರಾಕ್ ಲೆಸ್ನರ್ ಮಲಗಿಸಿದಾಗಂತೂ ನಾನು ಲೋಕಸಭಾ ಚುನಾವಣೆಯ ತರಬೇತಿಯಲ್ಲಿ ಕೂತಿದ್ದೆ. ಮೇಲಿನವರು ನನ್ನ ಮುಖ ನೋಡಿ, "ಮನ್ಯಾಗ ಏನರ ಆಗೇತೇನ್ರಿ? ಹೋಗಿಬರ್ರಿ" ಅಂದರು. ಹೋಗಿಬಂದೆ.

ನೋಡಿದವರದೆಲ್ಲ ಒಂದೇ ಪ್ರಶ್ನೆ: "ಅದೆಲ್ಲ ಸುಳ್ಳಂತಲ್ಲಪಾ?" ಹೌದು, ಗೊತ್ತು. 1989ರಲ್ಲೇ ಈ ಕುಸ್ತಿ ನಡೆಸುವ ಕಂಪನಿಯವರು ಕ್ರೀಡಾ ಆಯೋಗದ ಹಿಡಿತ ತಪ್ಪಿಸಿಕೊಳ್ಳಲು ನ್ಯೂಜೆರ್ಸಿ ಸೆನೆಟ್ ಮುಂದೆ ಇದು ಬರೀ ಮನರಂಜನೆ ಅಂತ ಒಪ್ಪಿಕೊಂಡಾಗಿದೆ. ನನಗೆ ಸಿಟ್ಟು ಬರುವುದು ಈ ಪ್ರಶ್ನೆಯನ್ನು ಅಪ್ಪ ಕೇಳಿದಾಗ ಮಾತ್ರ. ಅಪ್ಪ ಕುರುಗೋಡಿನ ಕಡೆಯ ನಮ್ಮ ಹಳ್ಳಿಯ ದೊಡ್ಡಾಟದಲ್ಲಿ ಇಪ್ಪತ್ತು ವರ್ಷ ದುರ್ಯೋಧನ. ಇಪ್ಪತ್ತು ಸಲ ಬೆಳಗಿನ ಜಾವ ಭೀಮನಿಂದ ತೊಡೆ ಮುರಿಸಿಕೊಂಡು, ಅರ್ಧ ಗಂಟೆ ಬಿಟ್ಟು ನೆಟ್ಟಗೆ ಚಾದಂಗಡಿಗೆ ನಡೆದವರು. ಆ ಆಟದಲ್ಲಿ ಏನು ಕಡಿಮೆ? ಭುಜಕೀರ್ತಿ, ಕಿರೀಟ, ಕುಣಿಯುತ್ತ ಪ್ರವೇಶ. "ತಾವು ಧಾರು?" ಅಂತ ಸಾರಥಿ ಕೇಳಿದ ಮೇಲೆ ಅರ್ಧ ಗಂಟೆ ತನ್ನ ಬಿರುದು ತಾನೇ ಹೇಳಿಕೊಳ್ಳುವುದು. ಬೆಲ್ಟಿನ ಕೆಳಗೆ ಹೊಡೆ ಅಂತ ಬದಿಯಿಂದ ಸನ್ನೆ ಮಾಡುವ ಮ್ಯಾನೇಜರ್ ಕೃಷ್ಣ. ಅಂಡರ್‌ಟೇಕರ್‌ನ ಸಾರಥಿ ಪಾಲ್ ಬೇರರ್. ಕೈಯಲ್ಲೊಂದು ಚಿತಾಭಸ್ಮದ ಕಳಶ, ಅಷ್ಟೇ ಫರಕು.

"1998ರಾಗ ಮ್ಯಾನ್‌ಕೈಂಡ್ ಅನ್ನೋ ಪೈಲ್ವಾನ 16 ಅಡಿ ಪಂಜರದ ಮ್ಯಾಲಿಂದ ಬಿದ್ದ. ಅದೂ ಸುಳ್ಳೇನು?" ಅಂತ ಒಮ್ಮೆ ಕೇಳಿದೆ.

ಅಪ್ಪ ಎಲೆಗೆ ಸುಣ್ಣ ಹಚ್ಚುತ್ತ ಅಂದರು, "ಬಿದ್ದದ್ದು ಖರೇ. ಜಗಳ ಸುಳ್ಳು."

ಇಪ್ಪತ್ತು ವರ್ಷ ಬಿದ್ದವರ ಜೊತೆ ವಾದ ಮಾಡಬಾರದು.

ಬೆಂಗಳೂರು ವೈಟ್‌ಫೀಲ್ಡಿನ ಕೆಟಿಪಿಒ ಪ್ರದರ್ಶನ ಕೇಂದ್ರದಲ್ಲಿ ಕಾಮಿಕ್ ಕಾನ್, ಅಂದರೆ ಕಾಮಿಕ್ಸ್ ಹುಚ್ಚಿನವರು ವೇಷ ತೊಟ್ಟು ಸೇರುವ ಜಾತ್ರೆ ಅಂದಾಗ ವೇಷ ಕಟ್ಟಬೇಕು ಅನ್ನಿಸಿದ್ದು ಇದೇ ರಕ್ತದ ದೋಷ. ನಮ್ಮ ಬಳ್ಳಾರಿ ಜೀನ್ಸಿನ ಊರು, ಹಾಗಾಗಿ ಹೊಲಿಯುವವರಿಗೆ ಕೊರತೆಯಿಲ್ಲ. ಪರಿಚಯದ ಟೇಲರ್ ಎರಡೇ ದಿನದಲ್ಲಿ ಕೋಟು ಕೊಟ್ಟ. ಕೈ ಮಾತ್ರ ಪಳಗಿದ ದಾರಿಯಲ್ಲೇ ಹೋಗಿತ್ತು: ಕಿತ್ತಳೆ ದಾರದ ಜೋಡಿ ಹೊಲಿಗೆ, ಜೇಬಿನ ಮೂಲೆಗೆ ತಾಮ್ರದ ರಿವೆಟ್. "ಹತ್ತು ವರ್ಷ ಹರಿಯಂಗಿಲ್ಲ" ಅಂದ. ಸಾವಿನ ದೂತನಿಗೂ ಗ್ಯಾರಂಟಿ.

ಇನ್ನು ಕಣ್ಣು ಮೇಲಕ್ಕೆ ತಿರುಗಿಸಿ ಬರೀ ಬಿಳಿ ಗುಡ್ಡೆ ತೋರಿಸುವುದು ಕಲಿಯಬೇಕಿತ್ತು. ಒಂದು ಸಂಜೆ ಕರೆಂಟ್ ಹೋದಾಗ ಕನ್ನಡಿ ಮುಂದೆ ದೀಪ ಹಿಡಿದು ಸಾಧಿಸಿದೆ. ಹಿಂದಿನಿಂದ ಅವ್ವ ಬಂದದ್ದು ಕಾಣಲಿಲ್ಲ, ಕಣ್ಣು ಮೇಲಿತ್ತಲ್ಲ. "ತಾಯಿ ದುರ್ಗಮ್ಮ! ಯಾಕ ಬಂದಿ? ಏನು ಬೇಕು ಕೇಳು, ಕೊಡ್ತೀನಿ" ಅಂತ ಅಡ್ಡಬಿದ್ದೇ ಬಿಟ್ಟಳು. ಕೋಟಿನ ದುಡ್ಡು ಕೇಳಿದ್ದರೆ ಬರುತ್ತಿತ್ತು. ನಾನು ನಕ್ಕು ಕೆಡಿಸಿದೆ. ಮುಂದಿನ ಮಂಗಳವಾರ ಕನಕ ದುರ್ಗಮ್ಮನ ಗುಡಿಗೆ ತಪ್ಪುಗಾಣಿಕೆ.

ಅದೇ ಅವ್ವ ಹೊರಡುವ ದಿನ ನನ್ನ ಕಳಶ, ಅಂದರೆ ಮನೆಯ ಹಿತ್ತಾಳೆ ತಂಬಿಗೆ, ಖಾಲಿ ಒಯ್ಯಬಾರದು ಅಂತ ಅದರ ತುಂಬ ಗುರೆಳ್ಳು ಚಟ್ನಿ ಪುಡಿ ತುಂಬಿ ಬಾಯಿಗೆ ಬಟ್ಟೆ ಕಟ್ಟಿದ್ದಳು. ಕಾಮಿಕ್ ಕಾನ್ ಬಾಗಿಲಲ್ಲಿ ಸೆಕ್ಯುರಿಟಿಯವನು ಬಟ್ಟೆ ಬಿಚ್ಚಿದ. ಒಳಗೆ ಕರ್ರನೆಯ ಪುಡಿ. ಮೇಲೆ ನಾನು, ಕಪ್ಪು ಕೋಟು, ಬೆವರಿಗೆ ಕೆನ್ನೆಯುದ್ದ ಇಳಿದ ಕಾಡಿಗೆ. ಅವನು ಟೋಪಿ ತೆಗೆದ.

"ತಂದೆಯವರದಾ ಸಾರ್?"

"ಅವ್ವ ಮಾಡಿದ್ದು" ಅಂದೆ.

ಮಾತು ಸರಿಯಿತ್ತು, ಹೊತ್ತು ಸರಿಯಿರಲಿಲ್ಲ. ಅವನು ಎರಡು ಹೆಜ್ಜೆ ಹಿಂದೆ ಸರಿದ. ಕೊನೆಗೆ ಬೆರಳಲ್ಲಿ ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡು ತೋರಿಸಿದೆ. ಅದರಿಂದ ಪರಿಸ್ಥಿತಿ ಇನ್ನೂ ಕೆಟ್ಟಿತು. ಪುಣ್ಯಕ್ಕೆ ಸಾಲಿನಲ್ಲಿ ಹಿಂದಿದ್ದ ಸ್ಪೈಡರ್‌ಮ್ಯಾನ್ ಮುಖವಾಡ ಎತ್ತಿ ಮೂಸಿ, "ಏ, ಗುರೆಳ್ಳು ಚಟ್ನಿ! ನಮ್ಮದು ಸಿಂಧನೂರು" ಅಂದ.

ಒಳಗೆ ನನ್ನ ಗುರುತು ಹಿಡಿದವರು ಇಬ್ಬರೇ, ಇಬ್ಬರದೂ ನನ್ನಷ್ಟೇ ಹೊಟ್ಟೆ. ಉಳಿದವರೆಲ್ಲ ಜಪಾನಿ ಅನಿಮೆಯ ಮಕ್ಕಳು. ಬೆನ್ನಿಗೆ ಖಡ್ಗ ಕಟ್ಟಿದ್ದ ಹುಡುಗಿಯೊಬ್ಬಳು ಬಂದು, "ಅಂಕಲ್, ನೀವು ಲಾಯರ್ ಕ್ಯಾರೆಕ್ಟರಾ? ಯಾವ ಸೀರೀಸ್?" ಅಂದಳು. ಕಣ್ಣು ಮೇಲಕ್ಕೆ ತಿರುಗಿಸಿ ತೋರಿಸಿದೆ. ಓಡಿಹೋಗಿ ನೀರಿನ ಬಾಟಲಿ ತಂದುಕೊಟ್ಟಳು. ಸ್ಪೈಡರ್‌ಮ್ಯಾನ್ ಜೊತೆ ನೆಲದಲ್ಲಿ ಕೂತು ಅರ್ಧ ಕಳಶ ಖಾಲಿ ಮಾಡಿದ್ದೇ ಆ ದಿನದ ಗಳಿಕೆ. ರೊಟ್ಟಿ ಅವನ ಚೀಲದಲ್ಲಿತ್ತು.

ವಾಪಸು ಬರುವಾಗ ಕೋಟು ಚೀಲದಲ್ಲಿ ಹಾಕಿ ತಂದೆ. ಮುದುಡಿತು. ಒಂದು ತಿಂಗಳು ಬಾಗಿಲ ಹಿಂದೆ ನೇತಾಡಿತು. ಆಮೇಲೆ ಅಪ್ಪ ನನ್ನ ಕೇಳದೆ ಹಳ್ಳಿಗೆ ಒಯ್ದು ಮೆಣಸಿನಕಾಯಿ ಹೊಲದಲ್ಲಿ ಬೆದರುಬೊಂಬೆಗೆ ತೊಡಿಸಿದರು, ಟೋಪಿ ಸಮೇತ. ಹೋಗಿ ನೋಡಿದೆ. ನಡು ಮಧ್ಯಾಹ್ನ, ಸುತ್ತ ಒಬ್ಬ ಮನುಷ್ಯನಿಲ್ಲ, ಕೈ ಚಾಚಿ ನಿಂತಿದ್ದ ಅಂಡರ್‌ಟೇಕರ್. ನಿಜ ಹೇಳಬೇಕೆಂದರೆ ನನಗಿಂತ ಅವನಿಗೇ ಕೋಟು ಚೆಂದ ಕೂತಿತ್ತು.

ಮೊದಲ ವಾರ ಹಕ್ಕಿ ಹತ್ತಿರ ಸುಳಿಯಲಿಲ್ಲವಂತೆ. ಎರಡನೇ ವಾರಕ್ಕೆ ಎರಡು ಕಾಗೆ ಟೋಪಿಯ ಮೇಲೆ ಕೂತಿದ್ದವು. ಅಪ್ಪ ಫೋನು ಮಾಡಿ ಹೇಳಿದರು, "ಅವಕ್ಕೂ ಗೊತ್ತಾಗೇತಿ ನೋಡಪಾ."