ಮಗುವಿನ ಕಾರ್ಡಿನಲ್ಲಿ ಆ ಒಂದು ಸಾಲು ಯಾಕಿಲ್ಲ?

ನಿನ್ನೆ ತೀರ್ಥಹಳ್ಳಿ ಹತ್ತಿರ ನೆಂಟರ ಮನೆಯಲ್ಲಿ ನಾಮಕರಣ. ಮಗುವಿಗೆ ಮೂರನೇ ತಿಂಗಳು. ಬಾಣಂತಿ ಕೋಣೆಯಲ್ಲಿ ಕೂತಿದ್ದಾಗ ಹುಡುಗಿ ಮೆಲ್ಲಗೆ ಕೇಳಿದಳು: "ದೊಡ್ಡಮ್ಮ, ಐದನೇ ತಿಂಗಳ ಸ್ಕ್ಯಾನಿಂಗಲ್ಲಿ ಪಾಪುಗೆ ಕಿಡ್ನಿ ಸ್ವಲ್ಪ ಊದಿದೆ ಅಂದಿದ್ರು. ಹುಟ್ಟಿದ ಮೇಲೆ ಯಾರೂ ಏನೂ ಹೇಳಲಿಲ್ಲ. ಸರಿ ಹೋಗಿರ್ಬೇಕು ಅಲ್ವಾ?"

ಫೈಲ್ ತರಿಸಿದೆ. ಬಟ್ಟೆ ಅಂಗಡಿ ಕವರಿನಲ್ಲಿ ಸುತ್ತಿ ಬೀರು ಮೇಲೆ ಇಟ್ಟಿದ್ದರು. 20ನೇ ವಾರದಲ್ಲಿ ಎಡ ಕಿಡ್ನಿಯ ಒಳಗೆ ಮೂತ್ರ ಸೇರುವ ಜಾಗ 5 ಮಿಲಿಮೀಟರ್. 32ನೇ ವಾರದಲ್ಲಿ 8. ಕೊನೆಯಲ್ಲಿ ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿ, ಹುಟ್ಟಿದ ಮೇಲೆ ಸ್ಕ್ಯಾನ್ ಮಾಡಿಸಿ ಅಂತ. ಮಗುವಿನ ಡಿಸ್ಚಾರ್ಜ್ ಕಾರ್ಡ್ ನೋಡಿದೆ. ತೂಕ ಇದೆ, ಲಸಿಕೆ ಇದೆ. ಕಿಡ್ನಿ ಸುದ್ದಿಯೇ ಇಲ್ಲ! ತಾಯಿ ಫೈಲಿನಲ್ಲಿದ್ದದ್ದು ಮಗುವಿನ ಕಾರ್ಡಿಗೆ ದಾಟಲೇ ಇಲ್ಲ. ಒಂದು ಸಾಲು ಬರೆಯೋಕೆ ಎಷ್ಟು ಹೊತ್ತು ಬೇಕು ಹೇಳಿ?

ಇದು ಅಪರೂಪದ್ದೂ ಅಲ್ಲ. 100 ಬಸುರಿಯರಲ್ಲಿ 1ರಿಂದ 5 ಜನರ ಸ್ಕ್ಯಾನಿಂಗಲ್ಲಿ ಕಾಣುತ್ತದೆ. ಇಷ್ಟು ಸಣ್ಣ ಊತ ಹೆಚ್ಚಿನ ಮಕ್ಕಳಲ್ಲಿ ತಾನಾಗೇ ಇಳಿಯುತ್ತದೆ. ಹುಡುಗಿಯ ಅಮ್ಮನೂ ಅದನ್ನೇ ಹೇಳಿದಳು. "ಬಿಡಕ್ಕಾ, ಮಗು ಚೆನ್ನಾಗಿ ಉಚ್ಚೆ ಹೊಯ್ಯುತ್ತಲ್ಲ." ಹೊಯ್ಯುತ್ತದೆ, ಒಂದು ಕಿಡ್ನಿಯ ದಾರಿ ಕಟ್ಟಿದ್ದರೂ ಇನ್ನೊಂದು ಕೆಲಸ ಮಾಡುತ್ತದೆ! ಇಳಿಯದೇ ಉಳಿಯುವ ಮಗು ಯಾವುದು ಅಂತ ಸ್ಕ್ಯಾನ್ ಮಾಡದೆ ಹೇಗೆ ಗೊತ್ತಾಗಬೇಕು?

ನನ್ನ ಮಗನಿಗೂ ಹೊಟ್ಟೆಯಲ್ಲಿದ್ದಾಗ ಹೀಗೇ ಕಿಡ್ನಿ ಊದಿತ್ತು, ಆ ಕಥೆ ಕೆಲವರಿಗೆ ಗೊತ್ತು. ಅರ್ಧ ಮಾತ್ರ ಗೊತ್ತು. ಅವನಿಗೆ ಹುಟ್ಟಿದ ಮರುದಿನವೇ ಸ್ಕ್ಯಾನ್ ಆಗಿತ್ತು, ನಾರ್ಮಲ್ ಬಂತು. ಮೊದಲ ಎರಡು ದಿನ ಮಗುವಿಗೆ ಮೂತ್ರ ಕಡಿಮೆ, ಊತ ಇದ್ದರೂ ಕಾಣದೇ ಹೋಗಬಹುದು. ಅದಕ್ಕೇ ಸಾಮಾನ್ಯವಾಗಿ 48 ಗಂಟೆ ಕಳೆದ ಮೇಲೆ ಮಾಡುತ್ತಾರೆ. ಅದು ನಾರ್ಮಲ್ ಬಂದರೂ ನಾಲ್ಕರಿಂದ ಆರು ವಾರಕ್ಕೆ ಇನ್ನೊಮ್ಮೆ ಬೇಕು. ನಾನು ಆ ಎರಡನೆಯದನ್ನು ಮಾಡಿಸಲಿಲ್ಲ. ಆಷಾಢದ ಮಳೆ, ಎಳೆಗೂಸು, ಬಸ್ಸು. ನಾಲ್ಕನೇ ತಿಂಗಳಲ್ಲಿ ಜ್ವರ ಬಂತು. ಶೀತ ಅಂದುಕೊಂಡು ಮೂರು ದಿನ ಕಾದೆ. ಮೂತ್ರ ಪರೀಕ್ಷೆ ಮಾಡಿದಾಗ ಸೋಂಕು. ಮೂತ್ರಕೋಶದಿಂದ ಮೂತ್ರ ಹಿಂದಕ್ಕೆ ಕಿಡ್ನಿಗೆ ಹೋಗುತ್ತಿತ್ತು. ಈಗ ಅವನು ಚೆನ್ನಾಗಿದ್ದಾನೆ. ಆ ಮೂರು ದಿನ ಮಾತ್ರ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ನನ್ನ ತಪ್ಪು ನನ್ನದೇ. ಆದರೆ ಅವನ ಕಾರ್ಡಿನಲ್ಲೂ ಆ ಸಾಲು ಇರಲಿಲ್ಲ.

ಎರಡೂ ಕಿಡ್ನಿ ಊದಿದ್ದು, ಮೂತ್ರಕೋಶ ದೊಡ್ಡದಾಗಿದ್ದು, ಗರ್ಭದ ನೀರು ಕಡಿಮೆ ಇತ್ತು ಅಂದಿದ್ದರೆ, ಅದರಲ್ಲೂ ಗಂಡುಮಗು ಆದರೆ, 48 ಗಂಟೆ ಕೂಡ ಕಾಯುವ ಹಾಗಿಲ್ಲ. ಅದು ಬೇರೆಯೇ ತುರ್ತು. ಹೆರಿಗೆ ಮಾಡಿಸುವವರು, ಮಕ್ಕಳ ಡಾಕ್ಟರು ಒಂದೇ ಕಟ್ಟಡದಲ್ಲಿರುತ್ತಾರಲ್ಲ, ಈ ಮಾತು ಆ ಕೋಣೆಯಿಂದ ಈ ಕೋಣೆಗೆ ಯಾಕೆ ಬರುವುದಿಲ್ಲ? ಐದು ತಿಂಗಳು ತಾಯಿಯನ್ನು ಹೆದರಿಸಿ, ಮಗು ಕೈಗೆ ಬಂದ ದಿನ ಸುಮ್ನಾಗುವುದು ಯಾವ ನ್ಯಾಯ?

ಪೆನ್ನು ತಗೊಂಡು ಆ ಕಾರ್ಡಿನ ಮೇಲೆ ನಾನೇ ದೊಡ್ಡದಾಗಿ ಬರೆದೆ: ಎಡ ಕಿಡ್ನಿ, 32ನೇ ವಾರ 8 ಮಿಲಿಮೀಟರ್, ಹುಟ್ಟಿದ ಮೇಲೆ ಸ್ಕ್ಯಾನ್ ಆಗಿಲ್ಲ. ನಾಳೆ ಬೆಳಗ್ಗೆ ಮೊದಲ ಬಸ್ಸಿಗೆ ಶಿವಮೊಗ್ಗಕ್ಕೆ ಬರುತ್ತಾರೆ. ಹಳೇ ಫೈಲ್ ಮರೀಬೇಡಿ ಅಂತ ಆಗಲೇ ಎರಡು ಸಲ ಫೋನ್ ಮಾಡಿದ್ದೇನೆ.