ಚರ್ಚಿನೊಳಗೆ ಪುಸ್ತಕದಂಗಡಿ ಇದ್ದರೆ ತಪ್ಪೇನು?

ನೆದರ್‌ಲ್ಯಾಂಡ್ಸ್‌ನ ಮಾಸ್ಟ್ರಿಕ್ಟ್ ಊರಿನಲ್ಲಿ ಗೋಥಿಕ್, ಅಂದರೆ ಎತ್ತರದ ಚೂಪು ಕಮಾನುಗಳ ಶೈಲಿಯ, ಒಂದು ಹಳೇ ಚರ್ಚ್ ಇದೆ. ಈಗ ಅದರೊಳಗೆ ಪುಸ್ತಕದಂಗಡಿ. ಅದರ ಫೋಟೋ ಎಲ್ಲೇ ಬಂದರೂ ಎರಡು ಥರದ ಮಾತು ಬರುತ್ತದೆ. "ಅಬ್ಬಾ, ಎಷ್ಟು ಚೆಂದ!" ಅನ್ನುವವರು ಕೆಲವರು. "ದೇವರಿದ್ದ ಜಾಗದಲ್ಲಿ ವ್ಯಾಪಾರವಾ?" ಅಂತ ಬೇಜಾರಾಗುವವರು ಕೆಲವರು. ಈ ಬೇಜಾರು ನನಗೆ ಅರ್ಥವಾಗುತ್ತದೆ. ಆದರೆ ಆ ಕಟ್ಟಡ ಏನೇನು ಕಂಡಿದೆ ಅಂತ ಗೊತ್ತಾದರೆ, ಪುಸ್ತಕದಂಗಡಿಯ ಮೇಲೆ ಯಾರೂ ಸಿಟ್ಟಾಗಲಾರರು.

ಇದನ್ನು ಕಟ್ಟಿಸಿದವರು ಡೊಮಿನಿಕನ್ ಎಂಬ ಕ್ರೈಸ್ತ ಪಂಥದ ಸನ್ಯಾಸಿಗಳು. 1294ರಲ್ಲಿ ಪ್ರತಿಷ್ಠೆಯಾಯಿತು. ಓದುವುದು, ವಾದ ಮಾಡುವುದು, ಪೇಟೆಯ ಜನರಿಗೆ ಬೋಧಿಸುವುದು ಇವರ ಮುಖ್ಯ ಕೆಲಸ. ಜನ ಸೇರಿ ಮಾತು ಕೇಳಬೇಕಲ್ಲ, ಅದಕ್ಕೇ ಉದ್ದಕ್ಕೆ, ಎತ್ತರಕ್ಕೆ ಇರುವ ಹಜಾರ ಕಟ್ಟುತ್ತಿದ್ದರು. ದೊಡ್ಡ ವಿದ್ವಾಂಸರಾದ ಥಾಮಸ್ ಅಕ್ವಿನಾಸ್ ಇದೇ ಪಂಥದವರು. ಅವರಿಗೆ 1323ರಲ್ಲಿ ಸಂತ ಪದವಿ ಸಿಕ್ಕಿತು. 1337ರ ಹೊತ್ತಿಗೆ ಈ ಚರ್ಚಿನ ಗೋಡೆಯ ಮೇಲೆ ಅವರ ಬದುಕಿನ ಚಿತ್ರಗಳು ಬಂದಿದ್ದವು! ಅಕ್ವಿನಾಸರ ಬದುಕನ್ನು ತೋರಿಸುವ ತೀರಾ ಹಳೆಯ ಚಿತ್ರಗಳಲ್ಲಿ ಇವೂ ಸೇರುತ್ತವೆ.

1794ರಲ್ಲಿ ಫ್ರೆಂಚ್ ಕ್ರಾಂತಿಯ ಸೈನ್ಯ ಊರನ್ನು ಹಿಡಿಯಿತು. 1796ರಲ್ಲಿ ಮಠವನ್ನು ಮುಚ್ಚಿಸಿದರು, ಸನ್ಯಾಸಿಗಳು ಹೊರಬಿದ್ದರು. ಅಲ್ಲಿಗೆ ಅವರ ಪೂಜೆ, ಪ್ರಾರ್ಥನೆ ಮುಗಿಯಿತು. ಮುಂದಿನ ಇನ್ನೂರು ವರ್ಷ ಅದು ಯಾರು ಏನು ಬೇಕಾದರೂ ಮಾಡಿಕೊಳ್ಳಬಹುದಾದ ಜಾಗ. ಕುದುರೆ ಲಾಯ, ಗೋದಾಮು, ದಾಖಲೆಗಳನ್ನು ಇಡುವ ಜಾಗ, ಸಂಗೀತ ಕಛೇರಿ ನಡೆಸುವ ಸಭಾಂಗಣ, ಮಕ್ಕಳ ಕಾರ್ನಿವಲ್ ಹಬ್ಬದ ಜಾಗ, ಎಲ್ಲವೂ ಆಯಿತು. ಕೊನೆಗೆ ಸೈಕಲ್ ಸ್ಟ್ಯಾಂಡ್! ಏಳು ನೂರು ವರ್ಷದ ಕಮಾನುಗಳ ಕೆಳಗೆ ಸಾಲುಸಾಲು ಸೈಕಲ್. ಬೇಜಾರಾಗಬೇಕಾದ್ದು ಇದಕ್ಕೆ ಅಲ್ವಾ?

ಪುಸ್ತಕದಂಗಡಿ ಬಂದದ್ದು 2006ರಲ್ಲಿ. ವಿನ್ಯಾಸ ಆಮ್‌ಸ್ಟರ್‌ಡ್ಯಾಮಿನ ಮರ್ಕ್ಸ್ ಮತ್ತು ಗಿರೋದ್ ಎಂಬ ಸಂಸ್ಥೆಯದು. ಅಂಗಡಿಗೆ ಸುಮಾರು 1,200 ಚದರ ಮೀಟರ್ ಜಾಗ ಬೇಕಿತ್ತು. ಚರ್ಚಿನ ನೆಲದಲ್ಲಿ ಸಿಗುತ್ತಿದ್ದದ್ದು 750. ಬೇರೆಯವರಾಗಿದ್ದರೆ ಅರ್ಧ ಎತ್ತರಕ್ಕೆ ಅಡ್ಡಲಾಗಿ ಒಂದು ಮಹಡಿ ಹಾಕಿ ಕೈ ತೊಳೆದುಕೊಳ್ಳುತ್ತಿದ್ದರು. ಲೆಕ್ಕ ಸರಿಹೋಗುತ್ತಿತ್ತು, ಚರ್ಚ್ ಮಾತ್ರ ಸತ್ತೇಹೋಗುತ್ತಿತ್ತು. ಯಾಕೆಂದರೆ ಗೋಥಿಕ್ ಕಟ್ಟಡದ ಜೀವ ಇರುವುದೇ ಎತ್ತರದಲ್ಲಿ. ಕಣ್ಣು ಕಂಬದ ಬುಡದಿಂದ ಕಮಾನಿನ ತುದಿಯವರೆಗೆ ತಡೆಯಿಲ್ಲದೆ ಹೋಗಬೇಕು.

ಇವರು ಮಾಡಿದ್ದೇ ಬೇರೆ. ಹಜಾರದ ಒಂದು ಬದಿಯಲ್ಲಿ ಮಾತ್ರ, ಕಂಬಗಳನ್ನು ತಬ್ಬಿಕೊಂಡ ಹಾಗೆ, ಕಪ್ಪು ಉಕ್ಕಿನ ಭಾರೀ ಕಪಾಟು ನಿಲ್ಲಿಸಿದರು. ಕಪಾಟು ಅಂದರೆ ಒಳಗೇ ಓಡಾಡಬಹುದಾದ, ಮೆಟ್ಟಿಲು ಹತ್ತಿ ಮಹಡಿಯಿಂದ ಮಹಡಿಗೆ ಹೋಗಬಹುದಾದ ಕಪಾಟು. ಇನ್ನೊಂದು ಬದಿಯಲ್ಲಿ ಪುಸ್ತಕದ ಮೇಜುಗಳನ್ನೆಲ್ಲ ತಗ್ಗಾಗಿಯೇ ಇಟ್ಟರು. ಹಾಗಾಗಿ ಬಾಗಿಲಲ್ಲಿ ನಿಂತರೆ ಇಡೀ ಹಜಾರ ಕಣ್ಣಿಗೆ ಸಿಗುತ್ತದೆ. ಕಪಾಟಿನ ಮೇಲಿನ ಮಹಡಿಗೆ ಹತ್ತಿದರಂತೂ, ಕೆಳಗಿನಿಂದ ಮಸುಕಾಗಿ ಕಾಣುವ ಚಾವಣಿಯ ಹಳೇ ಚಿತ್ರಗಳು ಹತ್ತಿರಕ್ಕೆ ಬರುತ್ತವೆ. ಪ್ರಾರ್ಥನೆ ನಡೆಯುತ್ತಿದ್ದ ಕಾಲದಲ್ಲಿ ಸಾಮಾನ್ಯ ಜನಕ್ಕೆ ಈ ಭಾಗ್ಯ ಇರಲಿಲ್ಲ. ಶೌಚಾಲಯ, ಗೋದಾಮು, ಯಂತ್ರಗಳು ಎಲ್ಲ ನೆಲಮಾಳಿಗೆಯಲ್ಲಿವೆ.

ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಇನ್ನೊಂದು. ಆ ಉಕ್ಕಿನ ಕಪಾಟು ತನ್ನ ಕಾಲ ಮೇಲೆ ತಾನೇ ನಿಂತಿದೆ, ಹಳೇ ಗೋಡೆಗೆ ಆತುಕೊಂಡಿಲ್ಲ. ನಾಳೆ ಅಂಗಡಿ ಬೇಡವೆಂದರೆ ಅದನ್ನು ಬಿಚ್ಚಿ ಒಯ್ಯಬಹುದು. ಒಳ್ಳೆಯ ಬಾಡಿಗೆದಾರರು ಗೋಡೆಗೆ ಒಂದು ಮೊಳೆಯನ್ನೂ ಹೊಡೆಯದೆ ಸಂಸಾರ ಮಾಡುತ್ತಾರಲ್ಲ, ಹಾಗೆ. ಹಳೆಯ ಕಟ್ಟಡಕ್ಕೆ ಹೊಸ ಕೆಲಸ ಕೊಡುವಾಗ ನಾನು ಕೇಳುವುದು ಇದೊಂದನ್ನೇ. ಒಳಗೆ ಬಂದದ್ದು ಅಂಗಡಿಯೋ ಹೋಟೆಲೋ ಅನ್ನುವುದು ಆಮೇಲೆ. ಅದು ಹೊರಟುಹೋದ ಮೇಲೆ ಕಟ್ಟಡ ಮೊದಲಿನಂತೆ ಉಳಿಯುತ್ತದಾ? ಉಳಿಯುವುದಾದರೆ ನನ್ನ ತಕರಾರಿಲ್ಲ.

ಇನ್ನು ವ್ಯಾಪಾರದ ಮಾತು. 2014ರಲ್ಲಿ ಈ ಅಂಗಡಿ ನಡೆಸುತ್ತಿದ್ದ ಪೊಲಾರೆ ಎಂಬ ಕಂಪನಿ ದಿವಾಳಿಯಾಯಿತು. ಬರೀ ವ್ಯಾಪಾರವೇ ಆಗಿದ್ದರೆ ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಜನ ಬಿಡಲಿಲ್ಲ. ಚಂದಾ ಎತ್ತಿದರು, ಕೆಲವೇ ದಿನಗಳಲ್ಲಿ ಒಂದು ಲಕ್ಷ ಯೂರೋಗಿಂತ ಜಾಸ್ತಿ ಹಣ ಕೂಡಿತು. ಅಂದಿನಿಂದ ಅದು ಡೊಮಿನಿಕಾನನ್ ಎಂಬ ಹೆಸರಿನಲ್ಲಿ ಸ್ವತಂತ್ರ ಪುಸ್ತಕದಂಗಡಿ. ಸನ್ಯಾಸಿಗಳ ಹೆಸರೇ ಮತ್ತೆ ಬಂತು ನೋಡಿ. ಸೈಕಲ್ ನಿಲ್ಲಿಸುವ ಜಾಗಕ್ಕಾಗಿ ಯಾರೂ ಹೀಗೆ ಚಂದಾ ಎತ್ತುವುದಿಲ್ಲ. ಊರಿನವರು ಆ ಕಟ್ಟಡವನ್ನು ಮತ್ತೆ ತಮ್ಮದು ಅಂದುಕೊಂಡಿದ್ದಾರೆ, ಅದಕ್ಕೇ ಜೇಬಿಗೆ ಕೈ ಹಾಕಿದರು.

ಯುರೋಪಿನಲ್ಲಿ ಚರ್ಚಿಗೆ ಬರುವವರು ಕಮ್ಮಿಯಾಗುತ್ತಿದ್ದಾರೆ. ಬಾಗಿಲು ಹಾಕಿಟ್ಟ ಕಟ್ಟಡದ ಚಾವಣಿ ಎಲ್ಲಿ ಸೋರುತ್ತಿದೆ ಅಂತ ನೋಡಲು ಯಾರೂ ಇರುವುದಿಲ್ಲ. ದಿನಾ ದೀಪ ಹಚ್ಚುವ, ಕಸ ಗುಡಿಸುವ, ಜನ ಬಂದುಹೋಗುವ ಕಟ್ಟಡದಲ್ಲಿ ಮೊದಲ ಹನಿ ಬಿದ್ದಾಗಲೇ ಯಾರಿಗಾದರೂ ಗೊತ್ತಾಗುತ್ತದೆ.

ನಮ್ಮವರು ಎಷ್ಟೋ ಜನ ಐಂಡ್‌ಹೋವನ್ ಕಡೆ ಕೆಲಸಕ್ಕಿದ್ದೀರಿ. ಅಲ್ಲಿಂದ ಮಾಸ್ಟ್ರಿಕ್ಟ್‌ಗೆ ರೈಲಿನಲ್ಲಿ ಸುಮಾರು ಒಂದು ಗಂಟೆ. ಹೋಗಿ ನೋಡಿ. ಸಂತೆಯಂಥ ಗದ್ದಲವಿದ್ದರೂ ಮೇಲಿನ ಮಹಡಿ ಹತ್ತದೆ ಬರಬೇಡಿ. ಹಿಂದೆ ಬಲಿಪೀಠವಿದ್ದ ಕಡೆ ಈಗ ಕಾಫಿ ಸಿಗುತ್ತದೆ, ಶಿಲುಬೆಯಾಕಾರದ ಮೇಜಿದೆ, ಕೂತು ಓದಬಹುದು. ಫೋಟೋ ಧಾರಾಳವಾಗಿ ತೆಗೆಯಿರಿ. ಬರುವಾಗ ದಯವಿಟ್ಟು ಒಂದು ಪುಸ್ತಕ ಕೊಂಡುಕೊಳ್ಳಿ, ಇಂಗ್ಲಿಷ್ ಪುಸ್ತಕಗಳೂ ಇವೆ. ಆ ಅಂಗಡಿ ನಡೆಯುತ್ತಿರುವುದು ಅದರಿಂದಲೇ.